ಸದ್ದಿಲ್ಲದ ಹೊಟ್ಟು ಮಿಷನ್

ಮನೆಗೆ ಹೊಸ ಮಿಷನ್ ಒಂದು ಬಂದರೆ ಅದರ ಹಿಂದೆಯೇ ಏನಾದರೊಂದು ತಮಾಷೆಯೂ ಬರುತ್ತದೆ. ಅಂಗಡಿಯವರು ಅದನ್ನು ಬಿಲ್ಲಿನಲ್ಲಿ ಬರೆದಿರುವುದಿಲ್ಲ, ಅಷ್ಟೇ. ನಮ್ಮ ಮನೆಯಲ್ಲಂತೂ ಒಂದು ನಗು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನಿರುವುದು ನಂಜನಗೂಡಿನಲ್ಲಿ, ತವರು ತಿ. ನರಸೀಪುರ. ತವರಿನ ಎದುರುಮನೆಯಲ್ಲಿ ಮರಗೆಲಸದ ಶೆಡ್ಡಿತ್ತು. ಮೊದಲು ಅಲ್ಲಿ ನಿಂತು ನೋಡಿದೆ, ಆಮೇಲೆ ಕೂತು ಕಲಿತೆ. ಮದುವೆಯಾಗಿ ಇಲ್ಲಿಗೆ ಬರುವ ಹೊತ್ತಿಗೆ ಮಣೆ, ದೇವರ ಪೀಠ, ಮಕ್ಕಳ ಆಟದ ಬಂಡಿ ಎಲ್ಲ ನನ್ನ ಕೈಗೆ ಬಂದಿತ್ತು. ಈಗ ಮನೆಯ ಪಕ್ಕದ ಓಣಿಗೆ ಶೀಟು ಹೊದಿಸಿಕೊಂಡು ಅದೇ ಕೆಲಸ ಮಾಡುತ್ತೇನೆ. ಮನೆಯಲ್ಲಿ ನಾನು, ನಮ್ಮತ್ತೆ, ನಮ್ಮನೆಯವರು. ಅವರಿಗೆ ಇಲ್ಲೇ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ರಾತ್ರಿ ಪಾಳಿ ಬಂದ ವಾರ ಅವರು ಮಲಗುವುದು ಹಗಲು, ನಾನು ಮರ ಕೊಯ್ಯುವುದೂ ಹಗಲು. ಅವರ ಮಂಚಕ್ಕೂ ನನ್ನ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಕೈಗರಗಸದ ಸದ್ದು ಮಾತ್ರ ಅವರಿಗೆ ರೂಢಿಯಾಗಿತ್ತು. ಮರದ ಹೊಟ್ಟನ್ನೂ ಹಿಡಿಯಬೇಕು, ಸದ್ದೂ ಆಗಬಾರದು ಎಂದು ನಾನು ಪಟ್ಟ ಪಾಡಿನ ಕಥೆ ಇದು.

ಹಳದಿ ಕೈ

ಶುರುವಾದದ್ದು ಕೆಮ್ಮಿನಿಂದ. ಹುಲ್ಲಹಳ್ಳಿ ಕಡೆಯಿಂದ ಒಳ್ಳೆಯ ಹಲಸಿನ ಮರ ಸಿಕ್ಕಿತ್ತು. ಅದನ್ನು ಕೊಯ್ದು, ಉಜ್ಜಿ, ಮಣೆ ಮಾಡುತ್ತಾ ಕೂತಿದ್ದವಳಿಗೆ ಒಣ ಕೆಮ್ಮು ಹಿಡಿಯಿತು. ಕಷಾಯ ಕುಡಿದೆ, ಮೆಣಸು ಅಗಿದೆ, ಬಿಡಲಿಲ್ಲ. ಕೊನೆಗೆ ಅತ್ತೆ ಮತ್ತು ನಮ್ಮನೆಯವರು ಇಬ್ಬರೂ ಸೇರಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರೆಯೇ ಎಂದು ವಿಚಾರಿಸಿದರು. ಅತ್ತೆ ತಿರುಗಿ ಮಗನ ಮುಖ ನೋಡಿದರು. ಹುಟ್ಟಿದಾಗಿನಿಂದ ಬೀಡಿ ಮುಟ್ಟದ ನಮ್ಮನೆಯವರು, ಆ ನೋಟಕ್ಕೇ ಹೆದರಿ ಸೇದಿದವರ ಹಾಗೆ ತಲೆ ತಗ್ಗಿಸಿಬಿಟ್ಟರು. ಅಷ್ಟರಲ್ಲಿ ಡಾಕ್ಟರ ಕಣ್ಣು ನನ್ನ ಅಂಗೈ ಮೇಲೆ ಬಿತ್ತು. ಅಂಗೈ ಹಳದಿ, ಉಗುರು ಹಳದಿ, ಕುತ್ತಿಗೆಯ ಗೆರೆಗಳೆಲ್ಲ ಹಳದಿ. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹಸಿವಾಗುತ್ತದೆಯೇ, ವಾಂತಿ ಇದೆಯೇ ಎಂದು ಕೇಳಿದರು. ಗಂಭೀರವಾಗಿ ರಕ್ತಪರೀಕ್ಷೆಗೆ ಬರೆದರು.

ಹೊರಗೆ ಬೆಂಚಿನ ಮೇಲೆ ಕೂತ ಅತ್ತೆ ಅಲ್ಲೇ ಪಥ್ಯ ಶುರು ಮಾಡಿದರು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಖಾರ ಇಲ್ಲ, ಮಜ್ಜಿಗೆ ಅನ್ನ ಮಾತ್ರ. ಹೆಮ್ಮಿಗೆ ಹತ್ತಿರ ಯಾರೋ ಕಾಮಾಲೆಗೆ ಬೇರು ಕೊಡುತ್ತಾರಂತೆ, ನಾಳೆ ಮೊದಲ ಬಸ್ಸಿಗೆ ಹೋಗುವುದೆಂದೂ ತೀರ್ಮಾನವಾಯಿತು. ನನಗೂ ಅಳು ಬರುವ ಹಾಗಾಗಿತ್ತು. ಒಳಗೆ ಕರೆದ ನರ್ಸಮ್ಮ ಸೂಜಿ ಚುಚ್ಚುವ ಮೊದಲು ನನ್ನ ತೋಳನ್ನು ಹತ್ತಿಯಲ್ಲಿ ಒರೆಸಿದರು. ಹತ್ತಿ ಹಳದಿಯಾಯಿತು, ತೋಳು ಬೆಳ್ಳಗಾಯಿತು. ಇನ್ನೊಮ್ಮೆ ಒರೆಸಿದರು. ಮತ್ತೆ ಹಾಗೇ ಆಯಿತು. ಅವರು ಸೂಜಿ ಕೆಳಗಿಟ್ಟು, ಹತ್ತಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದರು.

ಹಲಸಿನ ಹೊಟ್ಟು ಅರಿಶಿನದ ಹಾಗೆ ಅಂಟುತ್ತದೆ ಎಂದು ಆಗ ನೆನಪಾಗಿ ಹೇಳಿದೆ. ಡಾಕ್ಟರು ರಕ್ತಪರೀಕ್ಷೆಯ ಚೀಟಿ ಹರಿದು ಹಾಕಿದರು. ಆಮೇಲೆ, ಕೈಗೆ ಅಂಟುವ ಹೊಟ್ಟಿಗಿಂತ ಕಣ್ಣಿಗೆ ಕಾಣದ ಸಣ್ಣ ಪುಡಿಯೇ ಎದೆಗೆ ಹೋಗುವುದು, ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿ, ಪುಡಿ ಏಳುವ ಜಾಗದಲ್ಲೇ ಹಿಡಿಯುವುದಕ್ಕೆ ಏನಾದರೂ ಏರ್ಪಾಡು ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿದರು. ದಾರಿಯಲ್ಲಿ ಅತ್ತೆ ಅವರದ್ದೇ ತೀರ್ಪು ಕೊಟ್ಟರು: "ಆ ಮರದೊಟ್ಟಾದ್ರೂ ನಿಲ್ಬೇಕು, ಇಲ್ಲಾ ಈ ಕೆಲ್ಸಾನಾದ್ರೂ ನಿಲ್ಬೇಕು. ಎರಡರಲ್ಲಿ ಒಂದು ಕಣವ್ವ."

ಅವರು ಹೇಳಿದರೆ ಹೇಳಿದಂತೆಯೇ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೆ ಬಂದವರಿಗೆಲ್ಲ ಅತ್ತೆ ಈಗಲೂ ಹೇಳುವುದು ಒಂದೇ ಮಾತು. ನಮ್ಮ ಸೊಸೆಗೆ ಕಾಮಾಲೆ ಆಗಿತ್ತು, ಆ ಡಾಕ್ಟರ ಕೈಗುಣ ಬಹಳ ಒಳ್ಳೆಯದು, ಹತ್ತಿಯಲ್ಲಿ ಒರೆಸಿದರು, ಹೋಯಿತು.

ಪಕ್ಕದ ಮನೆಯ ಸಂಡಿಗೆ

ಮೊದಲು ನನಗೆ ಹೊಳೆದದ್ದು ಸುಲಭದ ದಾರಿ. ಅಡುಗೆಮನೆಯ ಹೊಗೆಯನ್ನು ಫ್ಯಾನು ಹೊರಗೆ ತಳ್ಳುವುದಿಲ್ಲವೇ? ಹೊಟ್ಟನ್ನೂ ಹಾಗೇ ತಳ್ಳಿದರಾಯಿತು ಎಂದುಕೊಂಡೆ. ಗೋಡೆಗೆ ರಂಧ್ರ ಹೊಡೆಸಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಫ್ಯಾನು ಹಾಕಿ ಮರ ಉಜ್ಜಿದರೆ ಪುಡಿ ಮೋಡದ ಹಾಗೆ ಎದ್ದು, ಗೋಡೆಯ ಕಡೆ ಹೋಗಿ ಮಾಯವಾಗುತ್ತಿತ್ತು. ಕೆಮ್ಮೂ ಇಳಿಯಿತು. ಮಾಯವಾದದ್ದು ಎಲ್ಲಿಗೆ ಹೋಯಿತು ಎಂದು ನಾನು ಯೋಚಿಸಲಿಲ್ಲ.

ಗೋಡೆಯ ಆಚೆ ಪಕ್ಕದ ಮನೆಯ ಅಕ್ಕನ ಅಂಗಳ. ಆಕೆ ಬೇಸಿಗೆ ಬಂದರೆ ಇಡೀ ಬೀದಿಗೆ ಸಾಕಾಗುವಷ್ಟು ಅಕ್ಕಿ ಸಂಡಿಗೆ ಇಡುತ್ತಾರೆ. ಬಿಳಿ ಪಂಚೆ ಹಾಸಿ, ಸಾಲಾಗಿ, ಒಂದರ ಮೈಗೆ ಒಂದು ತಾಗದ ಹಾಗೆ ಇಡುವುದು ನೋಡಲೇ ಚೆಂದ.

ಫ್ಯಾನು ಹಾಕಿದ ಕೆಲವು ದಿನಕ್ಕೆ ಆಕೆ ತಟ್ಟೆ ತುಂಬ ಕರಿದ ಸಂಡಿಗೆ ತಂದು ನಮ್ಮ ಹಜಾರದಲ್ಲಿಟ್ಟರು. ತಿಂದು ನೋಡಿ ಹೇಗಿದೆ ಹೇಳಿ ಎಂದರು. ನಾವು ಮೂವರೂ ತಿಂದೆವು. ಗರಿಗರಿಯಾಗಿತ್ತು. ಅತ್ತೆಗೆ ಬಹಳ ಹಿಡಿಸಿತು. ಸ್ವಲ್ಪ ಬೇರೆ ರುಚಿ ಇದೆ, ಒಳ್ಳೆಯ ಘಮ ಬೇರೆ ಇದೆ, ಓಮ ಹಾಕಿದ್ದೀಯಾ ಎಂದು ಕೇಳಿದರು. ಆಕೆ ಇಲ್ಲ ಎಂದರು. ಜೀರಿಗೆಯಾ? ಅದೂ ಇಲ್ಲ. ನಮ್ಮನೆಯವರು ಇನ್ನೊಂದು ಬಾಯಿಗಿಟ್ಟು, ಚೆನ್ನಾಗಿ ಅಗಿದು, ಎಳ್ಳಿರಬೇಕು ಎಂದರು.

ಆಕೆ ತಣ್ಣಗೆ ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ಈ ವಾರ ಯಾವ ಮರ ಕೊಯ್ದೆ?"

ಅದು ತೇಗ. ಮೂವರ ಬಾಯೂ ಒಟ್ಟಿಗೆ ನಿಂತಿತು. ಆಕೆ ಬೈಯಲಿಲ್ಲ, ಕೂಗಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ನಮ್ಮ ಕಡೆಗೇ ಇನ್ನಷ್ಟು ಸರಿಸಿ, ಮನೆಯಲ್ಲಿ ಇನ್ನೂ ಎರಡು ಡಬ್ಬ ಇದೆ, ಅಷ್ಟೂ ನಿಮಗೇ ಎಂದು ಎದ್ದು ಹೋದರು.

ಫ್ಯಾನು ಅಂದೇ ಬಿಚ್ಚಿದೆ. ಆ ಎರಡು ಡಬ್ಬವನ್ನು ಆಕೆ ನಿಜಕ್ಕೂ ಕಳಿಸಿಕೊಟ್ಟರು. ಅತ್ತೆ ಅದನ್ನು ಎಸೆಯಲು ಬಿಡಲಿಲ್ಲ, ಸ್ವಲ್ಪ ಸ್ವಲ್ಪವೇ ಕರಿದು ಮುಗಿಸಿದರು. ತೇಗ ಬಾಳಿಕೆಯ ಮರ ಕಣವ್ವ, ಹೊಟ್ಟೆಗೆ ಏನೂ ಆಗಲ್ಲ ಎಂದರು.

ಸೊಳ್ಳೆ ಹೊಗೆ

ಹೊಟ್ಟನ್ನು ಆಚೆ ತಳ್ಳಿದರಾಗದು, ಹಿಡಿದಿಡಬೇಕು ಎಂದು ಗೊತ್ತಾಯಿತು. ಮೈಸೂರಿಗೆ ಹೋಗಿ, ವರ್ಕ್‌ಶಾಪಿನವರು ಬಳಸುವ ದೊಡ್ಡ ವ್ಯಾಕ್ಯೂಮ್ ಮಿಷನ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆ. ಡ್ರಮ್ಮಿನ ಮೇಲೆ ಮೋಟರು, ಪಕ್ಕದಲ್ಲಿ ದಪ್ಪ ಪೈಪು. ನೋಡಲು ಸಾಧುವಾಗಿತ್ತು. ಅಂಗಡಿಯವನು ಸ್ವಲ್ಪ ಸದ್ದು ಇರುತ್ತದೆ ಎಂದಿದ್ದ. ಆ ಸ್ವಲ್ಪ ಎಂದರೆ ಎಷ್ಟು ಎಂದು ನಾನು ಕೇಳಬೇಕಿತ್ತು.

ಸ್ವಿಚ್ಚು ಹಾಕಿದೆ. ಗೋಡೆಯ ಆಚೆ ನಮ್ಮನೆಯವರು ಮಂಚದಿಂದ ಇಳಿದ ಸದ್ದು ಕೂಡ ನನಗೆ ಕೇಳಿಸಲಿಲ್ಲ. ಅವರು ಲುಂಗಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಾಗಲೇ ಗೊತ್ತಾದದ್ದು. ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಆರಿಸಿ ಏನು ಎಂದು ಕೇಳಿದೆ. ಏನಿಲ್ಲ, ನಿದ್ದೆ ಬರ್ತಿತ್ತು ಎಂದು ಹೇಳಿ, ಹೋಗಿ ಮತ್ತೆ ಮಲಗಿದರು. ಪಾಪ, ಅವರು ಯಾವತ್ತೂ ಜೋರು ಮಾಡುವವರಲ್ಲ. ಅದೇ ನನಗೆ ಹೆಚ್ಚು ಬೇಜಾರಾದದ್ದು.

ಅವರು ಕೆಲಸಕ್ಕೆ ಹೋದ ಮೇಲೆ, ಸಂಜೆ ಹೊತ್ತು ಮಾತ್ರ ಮಿಷನ್ ಓಡಿಸುವುದೆಂದು ಇಟ್ಟುಕೊಂಡೆ. ಆಗೊಂದು ವಿಚಿತ್ರ ಶುರುವಾಯಿತು. ನಾನು ಸ್ವಿಚ್ಚು ಹಾಕುತ್ತಿದ್ದಂತೆ ಬೀದಿಯ ಉದ್ದಕ್ಕೂ ಕಿಟಕಿಗಳು ಪಟಪಟ ಮುಚ್ಚಿಕೊಳ್ಳುತ್ತಿದ್ದವು. ನೀರಿನ ಕೊಡಗಳಿಗೆ ತಟ್ಟೆ ಬೀಳುತ್ತಿತ್ತು. ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸದ್ದಿಗೆ ಬೇಸತ್ತು ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ನಾನು ಒಳಗೊಳಗೇ ಕುಗ್ಗಿದೆ.

ಒಂದು ಸಂಜೆ ಧೈರ್ಯ ಮಾಡಿ ಮೂಲೆಮನೆಯ ಅಜ್ಜಿಯ ಹತ್ತಿರ ಹೋಗಿ, ತೊಂದರೆ ಆಗುತ್ತಿದೆಯಾ ಎಂದು ವಿಚಾರಿಸಿದೆ. ಯಾವುದು ಎಂದರು ಅಜ್ಜಿ. ಅದೇ, ಸಂಜೆ ಆ ಸದ್ದು ಎಂದೆ. ಅಜ್ಜಿಯ ಮುಖ ಅರಳಿತು. ಸೊಳ್ಳೆಗೆ ಹೊಗೆ ಹೊಡೆಯುವ ನಗರಸಭೆಯ ಮಿಷನ್ ವರ್ಷಕ್ಕೊಂದು ಸಲ ಬರುತ್ತಿತ್ತಂತೆ. ಈ ಸಲ ಬಂದಿರುವ ಹೊಸ ಆಫೀಸರು ಬಹಳ ಒಳ್ಳೆಯವರಂತೆ, ದಿನಾ ಸಂಜೆ ಹೊಡೆಸುತ್ತಿದ್ದಾರಂತೆ.

"ಒಗೆ ಕಾಣಾಕಿಲ್ಲ, ವಾಸ್ನೆನೂ ಇಲ್ಲ. ಒಸಾ ತರದ ಔಸ್ದಿ ಕಣವ್ವ," ಎಂದರು. "ಆದ್ರೆ ಸೊಳ್ಳೆ ಮಾತ್ರ ಒಂದೂ ಇಲ್ಲ ನೋಡು."

ನರಸೀಪುರದಲ್ಲಿ ರಸ್ತೆ ಬಂದ್

ವ್ಯಾಕ್ಯೂಮಿನೊಳಗೆ ಒಂದು ಬಟ್ಟೆಯ ಫಿಲ್ಟರ್ ಇರುತ್ತದೆ. ಸಣ್ಣ ಪುಡಿ ಅದಕ್ಕೆ ಮೆತ್ತಿಕೊಂಡರೆ ಮಿಷನ್ನಿನ ಉಸಿರು ಕಟ್ಟಿ, ಸದ್ದು ಇನ್ನೂ ಜೋರಾಗುತ್ತದೆ. ಇದಕ್ಕೊಂದು ಉಪಾಯವನ್ನು ಮೊಬೈಲಿನಲ್ಲಿ ನೋಡಿದೆ. ಹೊಟ್ಟಿನ ಗಾಳಿಯನ್ನು ನೇರ ಮಿಷನ್ನಿಗೆ ಬಿಡದೆ, ನಡುವೆ ಒಂದು ಆಲಿಕೆಯ ಆಕಾರದ್ದನ್ನು ಇಡಬೇಕು. ಗಾಳಿ ಅದರೊಳಗೆ ಸುಂಟರಗಾಳಿಯ ಹಾಗೆ ಸುತ್ತುತ್ತದೆ. ಹೊಟ್ಟು ಕೆಳಗಿನ ಡ್ರಮ್ಮಿಗೆ ಬೀಳುತ್ತದೆ, ಬರೀ ಗಾಳಿ ಮೇಲಿನಿಂದ ಮಿಷನ್ನಿಗೆ ಹೋಗುತ್ತದೆ. ಆ ಮೊಬೈಲಿನ ಮನುಷ್ಯ ಆಲಿಕೆಗೆ ಬಳಸಿದ್ದು ರಸ್ತೆಯಲ್ಲಿ ಪೊಲೀಸರು ಇಡುತ್ತಾರಲ್ಲ, ಕೆಂಪು ಬಿಳಿ ಪಟ್ಟೆಯ ಕೋನು, ಅದನ್ನು ತಲೆಕೆಳಗು ಮಾಡಿ.

ಮೈಸೂರಿನ ಅಂಗಡಿಯಲ್ಲಿ ಒಂದು ಹೊಸ ಕೋನು ಕೊಂಡೆ. ತವರಿನಲ್ಲಿ ಪೂಜೆ ಇದ್ದದ್ದರಿಂದ ಅಲ್ಲಿಂದ ನೇರ ನರಸೀಪುರದ ಬಸ್ಸು ಹತ್ತಿದೆ. ಕಂಡಕ್ಟರು ಕೋನನ್ನೂ ನನ್ನನ್ನೂ ನೋಡಿ, ಮೇಡಂ ಡ್ಯೂಟಿನಾ ಎಂದು ಕೇಳಿದ. ಅಲ್ಲ ಎಂದೆ. ಆದರೂ ಯಾಕೋ ದಾರಿಯುದ್ದಕ್ಕೂ ನನ್ನನ್ನು ಮರ್ಯಾದೆಯಿಂದ ನೋಡಿಕೊಂಡ.

ನರಸೀಪುರದಲ್ಲಿ ಇಳಿದು, ನನ್ನ ತಮ್ಮ ಬೈಕು ತರುತ್ತೇನೆಂದಿದ್ದನಲ್ಲ ಎಂದು ಅವನಿಗೆ ಫೋನು ಹಚ್ಚಿದೆ. ಕೈ ಸೋತಿತ್ತು, ಕೋನನ್ನು ರಸ್ತೆಯ ಅಂಚಿನಲ್ಲಿ ಕೆಳಗಿಟ್ಟೆ. ಅವನು ದಾರಿ ಹೇಳುವುದರಲ್ಲಿ, ನಾನು ಎಲ್ಲಿದ್ದೇನೆಂದು ಹೇಳುವುದರಲ್ಲಿ ಸ್ವಲ್ಪ ಹೊತ್ತಾಯಿತು. ತಿರುಗಿ ನೋಡಿದರೆ ಆಟೋಗಳೆಲ್ಲ ಕೋನನ್ನು ಸುತ್ತುಹಾಕಿಕೊಂಡು ರಸ್ತೆಯ ಆಚೆ ಬದಿಯಲ್ಲಿ ಸಾಲಾಗಿ ಹೋಗುತ್ತಿವೆ. ಒಂದು ಬಸ್ಸು ಅನುಮಾನದಿಂದ ನಿಧಾನ ಮಾಡಿ, ಅದೂ ಆಚೆಗೇ ಹೋಯಿತು. ಎದುರಿನಿಂದ ಬರುವವರು ನಿಂತು ಕಾಯುತ್ತಿದ್ದಾರೆ. ಯಾರಿಗೂ ಏನೂ ಸಂಶಯವಿಲ್ಲ. ನಮ್ಮ ನರಸೀಪುರದಲ್ಲಿ ವಾಹನಗಳು ಅಷ್ಟು ಶಿಸ್ತಾಗಿ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕಬ್ಬು ತುಂಬಿದ ಟ್ರ್ಯಾಕ್ಟರಿನವನೊಬ್ಬ ಮಾತ್ರ ಕೋನಿನ ಮುಂದೆ ಬಂದು ಇಂಜಿನ್ನು ಆರಿಸಿಯೇಬಿಟ್ಟ. ಬಗ್ಗಿ ನನ್ನನ್ನು ಕೇಳಿದ: "ಅಕ್ಕಾ, ರೋಡು ಬಂದ್ ಮಾಡವ್ರಾ?"

"ಇಲ್ಲ ಕಣಪ್ಪ," ಎಂದು ಕೋನು ಎತ್ತಿಕೊಂಡೆ. "ಇದು ನಂದು."

ಅವನು ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ನೋಡಿದ.

"ರೋಡಾ?"

ಅತ್ತೆಯ ಸೆರಗು

ಕೋನು ಕೂರಿಸಿದೆ. ಕೆಳಗೆ ಮುಚ್ಚಳವಿರುವ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಮೇಲೆ ತಲೆಕೆಳಗಾದ ಕೋನು, ಅದರಿಂದ ಮಿಷನ್ನಿಗೆ ಪೈಪು. ಆಶ್ಚರ್ಯವೆಂದರೆ ಅದು ಮೊದಲ ದಿನವೇ ಕೆಲಸ ಮಾಡಿತು. ಹೊಟ್ಟೆಲ್ಲ ಡ್ರಮ್ಮಿನಲ್ಲಿ, ಫಿಲ್ಟರಿನಲ್ಲಿ ಏನೂ ಇಲ್ಲ. ನಾನು ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದೆ.

ಅತ್ತೆಗೂ ಕುತೂಹಲ. ಅದುವರೆಗೆ ಶೆಡ್ಡಿನ ಕಡೆ ತಲೆ ಹಾಕದವರು ಅಂದು ಬಾಗಿಲಲ್ಲಿ ನಿಂತು, ಹೊಟ್ಟು ಎಲ್ಲಿಂದ ಹೋಗುತ್ತದೆ, ಎಲ್ಲಿ ಬೀಳುತ್ತದೆ, ಗಾಳಿಗೆ ಕಣ್ಣಿದೆಯೇ ಎಂದೆಲ್ಲ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಬರೀ ಗಾಳಿ ಅಷ್ಟು ಎಳೆಯುತ್ತದೆ ಎಂದರೆ ಯಾರು ನಂಬುತ್ತಾರೆ ಎಂದರು.

ಹಾಲು ಉಕ್ಕುವ ವಾಸನೆ ಬಂದು ನಾನು ಒಳಗೆ ಓಡಿದೆ. ಮಿಷನ್ ಓಡುತ್ತಲೇ ಇತ್ತು. ಒಲೆ ಆರಿಸಿ ಇನ್ನೂ ತಿರುಗಿಲ್ಲ, ಶೆಡ್ಡಿನಿಂದ ಡಬ್ಬೆಂದು ಸಿಡಿದ ಸದ್ದು. ಓಡಿ ಬಂದು ನೋಡಿದರೆ ಡ್ರಮ್ಮು ಯಾರೋ ಗುದ್ದಿದ ಹಾಗೆ ಒಳಕ್ಕೆ ಮುದುರಿ ಹೋಗಿದೆ. ಪಕ್ಕದಲ್ಲಿ ಅತ್ತೆ, ಎರಡೂ ಕೈಯಲ್ಲಿ ತಮ್ಮ ಸೀರೆ ಹಿಡಿದುಕೊಂಡು ಹಿಂದಕ್ಕೆ ಜಗ್ಗುತ್ತಿದ್ದಾರೆ. ಸೆರಗಿನ ಅರ್ಧ ಭಾಗ ಪೈಪಿನೊಳಗಿದೆ.

ಸ್ವಿಚ್ಚು ಆರಿಸಿದೆ. ಸೆರಗು ಬಂತು. ಅತ್ತೆಗೆ ಏನೂ ಆಗಿರಲಿಲ್ಲ, ಸೀರೆಯೂ ಹರಿದಿರಲಿಲ್ಲ. ನಡೆದದ್ದಿಷ್ಟು. ಎಳೆಯುತ್ತದೋ ಇಲ್ಲವೋ ನೋಡೋಣ ಎಂದು ಸೆರಗಿನ ತುದಿಯನ್ನು ಪೈಪಿನ ಬಾಯಿಗೆ ಹಿಡಿದಿದ್ದಾರೆ. ಪೈಪು ಕಟ್ಟಿಕೊಂಡು, ಒಳಗೆ ಬರಲು ಗಾಳಿಯಿಲ್ಲದೆ ಡ್ರಮ್ಮು ಮುದುರಿದೆ. ಇವರು ಇವತ್ತೇ ಮಿಷನ್ನನ್ನು ಆಚೆ ಹಾಕಿಸುತ್ತಾರೆ ಎಂದು ಕಾದೆ.

ಅತ್ತೆ ಸೆರಗು ಸರಿ ಮಾಡಿಕೊಂಡು, ಮುದುರಿದ ಡ್ರಮ್ಮನ್ನು ಸುತ್ತ ಒಂದು ಸಲ ನೋಡಿದರು.

"ಈ ವಯಸ್ಸಿನಲ್ಲಿ ನನ್ ಸೆರಗಿಗೆ ಕೈ ಹಾಕ್ತು," ಎಂದರು. "ನಾನು ಸುಮ್ನೆ ಬಿಡ್ತೀನಾ? ನೋಡು ಎಂಗಾಗದೆ."

ಮೊಟ್ಟೆ ಟ್ರೇ

ಡ್ರಮ್ಮಿಗೆ ಗಟ್ಟಿ ತಗಡಿನದು ತಂದೆ. ಹೊಟ್ಟಿನ ಚಿಂತೆ ಮುಗಿಯಿತು. ಉಳಿದದ್ದು ಸದ್ದು. ರಾತ್ರಿ ಪಾಳಿಯ ವಾರ ಬಂತೆಂದರೆ ನನಗೆ ಹಗಲು ಕೆಲಸವಿಲ್ಲ. ಮಿಷನ್ ಇದೆ, ಮರ ಇದೆ, ಬೇಡಿಕೆ ಇದೆ, ಕೈ ಕಟ್ಟಿಕೊಂಡು ಕೂರುವುದು.

ಮಿಷನ್ನಿಗೆ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ ಒಳಗೆ ಕೂರಿಸಿದೆ. ಪೆಟ್ಟಿಗೆಯ ಒಳಗೋಡೆಗೆ ಮೊಟ್ಟೆ ಇಡುವ ರಟ್ಟಿನ ಟ್ರೇ ಅಂಟಿಸಿದರೆ ಸದ್ದು ನುಂಗುತ್ತದೆ ಎಂದು ಯಾರೋ ಹೇಳಿದರು. ಇಲ್ಲೊಂದು ತೊಡಕಿತ್ತು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅತ್ತೆಗೆ ಎಲ್ಲ ವಿವರಿಸಿ, ಇದು ಬರೀ ರಟ್ಟು ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಶೆಡ್ಡಿಗೆ ಬೇಕಾದರೆ ತಾ, ಮನೆಯೊಳಗೆ ಬೇಡ ಎಂದರು. ಮಾರುಕಟ್ಟೆಯಿಂದ ಒಂದು ಕಟ್ಟು ಟ್ರೇಗಳನ್ನು ಆಟೋದಲ್ಲಿ ಹಾಕಿಕೊಂಡು, ನಡು ಹಗಲಲ್ಲಿ, ಇಡೀ ಬೀದಿ ಜಗುಲಿಯ ಮೇಲೆ ಕೂತಿರುವಾಗ ಇಳಿಸಿಕೊಂಡೆ.

ಅದಾದ ಮೇಲೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಒಬ್ಬ ಮಾತ್ರ ಲಗೇಜ್ ಆಟೋ ತಂದು ನಿಲ್ಲಿಸಿ, ಇಷ್ಟು ತೆಗೆದುಕೊಳ್ಳುವವರು ನೀವು, ನಮ್ಮ ಕೋಳಿ ಫಾರಮ್ಮಿನಿಂದಲೇ ತೆಗೆದುಕೊಳ್ಳಿ ಎಂದು ವಿಚಾರಿಸಿ ಹೋದ. ಅತ್ತೆ ಅವನಿಗೆ ಏನು ಹೇಳಿದರೋ ಗೊತ್ತಿಲ್ಲ, ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಟ್ರೇ ಅಂಟಿಸಿ ನೋಡಿದರೆ ಸದ್ದು ಮೊದಲಿದ್ದಷ್ಟೇ ಇತ್ತು. ಎಲ್ಲವನ್ನೂ ಕಿತ್ತು ಗೇಟಿನ ಹೊರಗೆ ಕಸದ ಗಾಡಿಗೆ ಹಾಕಿದೆ. ಹಳೆಯ ತೆಂಗಿನ ನಾರಿನ ಹಾಸಿಗೆಯೊಂದು ಅಟ್ಟದ ಮೇಲಿತ್ತು, ಅದನ್ನು ಕತ್ತರಿಸಿ ಪೆಟ್ಟಿಗೆಯ ಒಳಗೆಲ್ಲ ತುಂಬಿದೆ. ಮಿಷನ್ ಬಿಸಿಯಾಗದಂತೆ ಗಾಳಿ ಹೊರಗೆ ಹೋಗಬೇಕಲ್ಲ, ಅದಕ್ಕೆ ಒಂದು ದಾರಿ ಬಿಟ್ಟೆ. ನೇರ ಬಿಟ್ಟರೆ ಸದ್ದೂ ಅದೇ ದಾರಿಯಲ್ಲಿ ಬರುತ್ತದೆಂದು, ನಾಲ್ಕಾರು ಕಡೆ ತಿರುಗಿ ತಿರುಗಿ ಹೋಗುವ ಹಾಗೆ ಅಡ್ಡ ಹಲಗೆ ಹೊಡೆದೆ. ನೆಲಕ್ಕೆ ನಡುಕ ಇಳಿಯದಿರಲೆಂದು ಪೆಟ್ಟಿಗೆಯ ಕೆಳಗೆ ಅತ್ತೆಯ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಇಟ್ಟೆ.

ಸ್ವಿಚ್ಚು ಹಾಕಿದರೆ ದೂರದಲ್ಲಿ ಯಾರೋ ಅಕ್ಕಿ ತೊಳೆಯುತ್ತಿರುವ ಹಾಗೆ ಸದ್ದು. ಅಷ್ಟೇ. ಕೈಯಿಟ್ಟು ನೋಡಿದೆ, ಓಡುತ್ತಿತ್ತು. ಅಂದು ನಮ್ಮನೆಯವರು ಹಗಲೆಲ್ಲ ಮಲಗಿ, ಸಂಜೆ ಎದ್ದು ಮುಖ ತೊಳೆದುಕೊಂಡು ಬಂದು, ಇವತ್ತು ಯಾಕೆ ಕೆಲಸ ಮಾಡ್ಲಿಲ್ಲ, ಮೈ ಹುಷಾರಿಲ್ವಾ ಎಂದು ಕೇಳಿದರು. ನಾನು ಉಜ್ಜಿ ಮುಗಿಸಿದ ಮಣೆಗಳ ಸಾಲು ತೋರಿಸಿದೆ. ಅವರು ಒಂದೊಂದನ್ನೇ ಎತ್ತಿ, ಬೆರಳಾಡಿಸಿ ನೋಡಿ ಇಟ್ಟರು. ಹೊಟ್ಟು ಅಂಟಲಿಲ್ಲ. ಆ ಸಂಜೆಯ ಕಾಫಿ ಅವರೇ ಮಾಡಿದರು.

ಕೆಲವು ದಿನದ ಮೇಲೆ ಮದುವೆಯೊಂದರಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಸಿಕ್ಕಿದರು. ಮಠ, ಪೂಜೆ ಎಂದು ಓಡಾಡುವವರು. ಅತ್ತೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರಂತೆ: "ಮೊಟ್ಟೆ ಟ್ರೇ ಎಲ್ಲಾ ಆಚೆಗೆ ಹಾಕಿಬಿಟ್ರಂತೆ, ಕೇಳ್ದೆ. ತಡ ಆದ್ರೂ ಚಿಂತೆ ಇಲ್ಲ, ಬಿಟ್ರಲ್ಲ, ಅದು ದೊಡ್ಡದು."

ಓಡ್ತಿದೆಯಾ?

ಆಮೇಲೆ ಸುಮಾರು ದಿನ ನೆಮ್ಮದಿಯಾಗಿತ್ತು. ಕೆಲಸ ಹೆಚ್ಚಾಯಿತು, ಕೆಮ್ಮು ಮರೆತೇಹೋಯಿತು. ತೂತುಗಳಿರುವ ಮೇಜೊಂದನ್ನು ಮಾಡಿಕೊಂಡೆ. ಅದರ ಮೇಲೆ ಮರವಿಟ್ಟು ಉಪ್ಪು ಕಾಗದದಲ್ಲಿ ಉಜ್ಜಿದರೆ, ಪುಡಿಯನ್ನು ಮಿಷನ್ ತೂತುಗಳ ಮೂಲಕ ಕೆಳಕ್ಕೆ ಎಳೆದುಕೊಳ್ಳುತ್ತದೆ. ಪುಡಿ ಮೂಗಿನವರೆಗೆ ಏಳುವುದೇ ಇಲ್ಲ.

ಒಂದು ಬೆಳಿಗ್ಗೆ ಹಾಗೇ ಉಜ್ಜುತ್ತಾ ನಿಂತಿದ್ದೆ. ನಮ್ಮನೆಯವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ನನಗೆ ಅವತ್ತು ಒಂಥರಾ ಹಿಗ್ಗು. ಪೆಟ್ಟಿಗೆಯ ಒಂದು ಸಂದಿಗೆ ಹಿಂದಿನ ದಿನ ರಬ್ಬರು ಪಟ್ಟಿ ಹಾಕಿದ್ದೆ, ಅದರಿಂದಾಗಿ ಇವತ್ತು ಸದ್ದು ಎಂದಿಗಿಂತ ಕಡಿಮೆ ಎನ್ನಿಸುತ್ತಿತ್ತು. ಉಜ್ಜುವುದು ನಿಲ್ಲಿಸಿ ಒಂದೆರಡು ಸಲ ಕಿವಿಗೊಟ್ಟು ಕೇಳಿದೆ. ಏನೂ ಇಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು ಎನ್ನುವಷ್ಟು ಸಂತೋಷ.

ಅಷ್ಟರಲ್ಲಿ ಹಜಾರದಲ್ಲಿ ಮಾತು ಕೇಳಿಸಿತು. ನಾನೂ ಸದಸ್ಯಳಾಗಿರುವ ಮಹಿಳಾ ಸಂಘದ ಏಳೆಂಟು ಹೆಂಗಸರು ಬಂದು ಅತ್ತೆಯ ಮುಂದೆ ಕೂತಿದ್ದರು. ಮುಂದಾಳು ನಮ್ಮ ಪಕ್ಕದ ಮನೆಯ ಅಕ್ಕ. ಬಹಳ ದಿನದಿಂದ ನಮ್ಮ ಮನೆಯ ಸದ್ದು ನಿಂತಿರುವುದನ್ನು ಅವರೆಲ್ಲ ಗಮನಿಸಿದ್ದರು. ಅತ್ತೆ ಮಿಷನ್ ಮಾರಿಸಿ ಸೊಸೆಯ ಕೆಲಸ ಬಿಡಿಸಿದ್ದಾರೆ ಎಂದು ಅವರಲ್ಲಿ ಮಾತಾಗಿತ್ತು. ಕೈಕೆಲಸ ಬಲ್ಲ ಹೆಣ್ಣುಮಗಳನ್ನು ಹೀಗೆ ಕೂರಿಸುವುದು ಸರಿಯಲ್ಲ ಎಂದು ನ್ಯಾಯ ಹೇಳಲು ಬಂದಿದ್ದರು.

ಅತ್ತೆಗೆ ತಲೆಬುಡ ಅರ್ಥವಾಗಲಿಲ್ಲ. ಯಾರು ಬಿಡಿಸಿದರು, ಒಳಗೆ ಮಿಷನ್ ಓಡುತ್ತಿದೆಯಲ್ಲ ಎಂದರು. ಹೆಂಗಸರೆಲ್ಲ ಮಾತು ನಿಲ್ಲಿಸಿ ಆಲಿಸಿದರು. ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಶೆಡ್ಡಿಗೆ ಬಂದರು.

ಅವರ ಅಕ್ಕರೆ ಕಂಡು ನನ್ನ ಕಣ್ಣು ತುಂಬಿತು. ಕೆಲಸ ಬಿಟ್ಟಿಲ್ಲ, ಅತ್ತೆ ಏನೂ ಅಂದಿಲ್ಲ, ಸದ್ದಾಗದ ಹಾಗೆ ಮಾಡಿದ್ದೇನೆ, ಈಗಲೂ ಮಿಷನ್ ಓಡುತ್ತಿದೆ ಎಂದು ಎಲ್ಲ ಬಿಡಿಸಿ ಹೇಳಿದೆ. ಅವರು ಪೆಟ್ಟಿಗೆಯನ್ನು ನೋಡಿದರು. ನನ್ನನ್ನು ನೋಡಿದರು. ಪಕ್ಕದ ಮನೆಯ ಅಕ್ಕ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿ, ಬಹಳ ಮೃದುವಾಗಿ ಹೇಳಿದರು: "ಓಡ್ತಿದೆ ಕಣಮ್ಮ, ಓಡ್ತಿದೆ. ಯಾರಿಲ್ಲ ಅಂದ್ರು? ನೀನು ಮೊದ್ಲು ಕೂತ್ಕೊ, ಒಂದ್ಲೋಟ ನೀರು ಕುಡಿ."

ನನಗೆ ಹಠ ಬಂತು. ಇಲ್ಲಿ ನೋಡಿ ಎಂದು ಒಂದು ಚಿಟಿಕೆ ಹೊಟ್ಟು ತೆಗೆದು ಮೇಜಿನ ತೂತಿನ ಮೇಲೆ ಬಿಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಹೊಟ್ಟು ಹಾಗೇ ಕೂತಿತ್ತು. ಇನ್ನೊಂದು ಚಿಟಿಕೆ ಬಿಟ್ಟೆ. ಅದೂ ಮೊದಲಿನದರ ಪಕ್ಕದಲ್ಲಿ ಕೂತಿತು. ಪೈಪಿನಲ್ಲಿ ಏನೋ ಕಟ್ಟಿಕೊಂಡಿರಬೇಕು ಎಂದು ಹೇಳಿ, 'ಮಿಷನ್ ಮಾತ್ರ ಓಡ್ತಿದೆ' ಎಂದು ಇನ್ನೂ ಒಂದು ಸಲ ಹೇಳಿದೆ. ಹಿಂದೆ ನಿಂತಿದ್ದ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೊಬ್ಬಾಕೆ ನಿಧಾನವಾಗಿ ನನ್ನ ಕೈಯಿಂದ ಉಪ್ಪು ಕಾಗದ ತೆಗೆದಿಟ್ಟರು.

ಈ ಗದ್ದಲಕ್ಕೆ ನಮ್ಮನೆಯವರು ಎದ್ದು ಬಂದರು. ಮಿಷನ್ನಿನ ಪಕ್ಕದಲ್ಲೇ ಮಲಗಿ ಬಲ್ಲವರು, ಇವರೇ ಸಾಕ್ಷಿ ಎಂದು ನನಗೆ ಜೀವ ಬಂದ ಹಾಗಾಯಿತು. ಇವರಿಗೆ ನೀವೇ ಹೇಳಿ, ಮಿಷನ್ ಓಡ್ತಿದೆಯೋ ಇಲ್ಲವೋ ಎಂದೆ.

ಅವರು ಮೈಯೆಲ್ಲ ಬೆವರಿ, ಟವಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. "ಹೆಂಗೆ ಓಡ್ತದೆ?" ಎಂದರು. "ಕರೆಂಟ್ ಹೋಗಿ ಒಂದು ಗಂಟೆ ಆಯ್ತು. ಫ್ಯಾನ್ ನಿಂತು ನಂಗೆ ಆಗ್ಲೇ ಎಚ್ಚರ ಆಯ್ತಲ್ಲ."

ಈಗ ಪೆಟ್ಟಿಗೆಯ ಮೇಲೆ ಒಂದು ಸಣ್ಣ ಕೆಂಪು ದೀಪ ಹಾಕಿಸಿದ್ದೇನೆ. ಮಿಷನ್ ಓಡುವಾಗ ಉರಿಯುತ್ತದೆ, ನಿಂತರೆ ಆರುತ್ತದೆ. ಅದು ತಮಗೆ ಗೊತ್ತಾಗಲಿ ಎಂದು ಹಾಕಿಸಿದ್ದು ಅಂತ ಬೀದಿಯವರೆಲ್ಲ ತಿಳಿದುಕೊಂಡಿದ್ದಾರೆ. ಕೇಳಿದವರಿಗೆ ನಾನೂ ಹಾಗೇ ಹೇಳುತ್ತೇನೆ.